ಸೀಟಿನ ಮೇಲಿನ ಚೀಲ

ಉಜ್ಜಿನಿ ರಸ್ತೆಯ ಇಳಿಜಾರಿನಲ್ಲಿ ಸೈಕಲ್ಲಿನ ಹಿಂದಿನ ಗಾಲಿ ಮಡಚಿಕೊಂಡಾಗ ಬೆನಕಪ್ಪನ ಮಗಳು ಕ್ಯಾರಿಯರ್‌ನಿಂದ ಲಾರಿಯ ಮುಂದೆಯೇ ಬಿದ್ದಿದ್ದಳು. ಲಾರಿ ಹೇಗೋ ನಿಂತಿತ್ತು. ಬೆನಕಪ್ಪ ಹೊಸ ಗಾಲಿ ಕೊಳ್ಳಲು ಅಂಗಡಿಗೆ ಬಂದಿದ್ದ.

"ನಿಮ್ಮ ತೂಕ ಎಷ್ಟ್ರಿ? ಅದನ್ನ ನೋಡಿ ಗಾಲಿ ಕೊಡ್ತೀನಿ," ಎಂದ ಕೊಟ್ಟೂರಿನ ಸೈಕಲ್ ಅಂಗಡಿಯ ಗಾಳೆಪ್ಪ.

ತೂಕ ಬಾಯಿಬಿಟ್ಟು ಹೇಳಿದರೆ ದೃಷ್ಟಿಯಾಗುತ್ತದೆಂದು, ಯಾರಿಗೂ ಹೇಳದಂತೆ ಅವನ ತಾಯಿ ಆಣೆ ಮಾಡಿಸಿದ್ದಳು. ಸುಳ್ಳು ಹೇಳಿದರೆ ಈ ಗಾಲಿಯೂ ಮಡಚೀತು. ನಾಳೆ ಮತ್ತೆ ಮಗಳನ್ನು ಅದೇ ಇಳಿಜಾರಿನಲ್ಲಿ ಶಾಲೆಗೆ ಒಯ್ಯಬೇಕು.

"ತುಂಬಿದ ಜ್ವಾಳದ ಚೀಲ ಹೊರಬೇಕಪ್ಪ."

"ಕ್ಯಾರಿಯರ್ ಮ್ಯಾಲೇನ್ರಿ?"

ಬೆನಕಪ್ಪ ಬೆವರಿದ. "ಅಲ್ಲ, ಸೀಟಿನ ಮ್ಯಾಲೆ. ಕ್ಯಾರಿಯರ್ ಮ್ಯಾಲೆ ನನ್ನ ಮಗಳು ಕುಂದರ್ತಾಳ."

ನಗಲು ಹೋದ ಗಾಳೆಪ್ಪ ಅವನ ಮುಖ ನೋಡಿ ನಗು ತಡೆದುಕೊಂಡ. ದಪ್ಪ ಕಡ್ಡಿಗಳ ಗಾಲಿಯೊಂದನ್ನು ಕೆಳಗಿಳಿಸಿದ.

"ಇದು ತಡೀತೈತ್ರಿ. ಆದ್ರೂ ಇಳಿಜಾರು ಬಂದಾಗ ಚೀಲ ಇಳಿದು ನಡೀಲಿ."