ನಡೆದು ಬರುವವರ ಮೇಲೆ ಪಾರ್ಕಿಂಗ್ ದೂರು

೧

ಎಲ್ಲಿಂದ ಶುರು ಮಾಡಲಿ? ಕಪ್ಪು ಕೋಟಿನಿಂದಲೇ? ಡಲ್ಲಾಸ್‌ನ ಆಗಸ್ಟ್ ಬಿಸಿಲಲ್ಲಿ ಪಕ್ಕದ ಮನೆಯ ಯಜಮಾನರ ಉದ್ದನೆಯ ಕಪ್ಪು ಕೋಟು, ಕಪ್ಪು ಟೊಪ್ಪಿಗೆ, ಗಡ್ಡ. ಅಷ್ಟು ಹೇಳಿದರೆ ಸಾಕು, ನೀವು ಕಥೆಯೊಳಗೆ ಬಂದು ಕೂತುಬಿಡುತ್ತೀರಿ.

"ಕೋಟಿನಿಂದ ಬೇಡ ಆಂಟಿ," ಎಂದಳು ಫ್ರೇಡಿ. "ಎಲ್ಲರೂ ಅಲ್ಲಿಂದಲೇ ಶುರು ಮಾಡ್ತಾರೆ. ಇದೇ ಬಿಸಿಲಲ್ಲಿ ನೀವು ರೇಷ್ಮೆ ಸೀರೆ ಉಡಲ್ವಾ?"

(ಫ್ರೇಡಿ ನಮ್ಮ ಪಕ್ಕದ ಮನೆಯ ಹಸಿದಿಕ್, ಅಂದರೆ ಕಟ್ಟಾ ಸಂಪ್ರದಾಯಸ್ಥ, ಯಹೂದಿ ಕುಟುಂಬದ ಹಿರಿಮಗಳು. ಇಪ್ಪತ್ತು ವರ್ಷ. ನನ್ನ ಮಗಳು ಶೀತಲ್‌ಳ ಗೆಳತಿಯರನ್ನು ನೋಡಿ ನನ್ನನ್ನು ಆಂಟಿ ಎನ್ನಲು ಕಲಿತವಳು. ನಿಜವಾದ ಫ್ರೇಡಿ ನನ್ನ ಜೊತೆ ಮಾತು ಬಿಟ್ಟು ಮೂರು ವಾರವಾಯಿತು. ಇಲ್ಲಿ ವಾದಿಸುತ್ತಿರುವವಳು ನನ್ನ ಪುಟದ ಫ್ರೇಡಿ. ಇವಳಾದರೂ ಹೇಳಿದ ಹಾಗೆ ಕೇಳುತ್ತಾಳೆ ಅಂದುಕೊಂಡಿದ್ದೆ. ನನ್ನ ಕರ್ಮ.)

೨

ಎರಡನೇ ಡ್ರಾಫ್ಟ್. ಫ್ರೇಡಿ ಉದ್ದ ಲಂಗ ಬಿಸಾಕಿ, ಜೀನ್ಸ್ ತೊಟ್ಟು ಆಸ್ಟಿನ್ ಬಸ್ ಹತ್ತುತ್ತಾಳೆ. ಅಲ್ಲಿ ಯಾವುದೋ ಟೆಕ್ ಕಂಪನಿಯ ಆಫೀಸಿನಲ್ಲಿ ಕೆಲಸ, ಸ್ವಾತಂತ್ರ್ಯ, ಕಣ್ಣೀರು. ಬರೆದು ನಾನೇ ಎರಡೆರಡು ಸಲ ಓದಿಕೊಂಡೆ.

"ನಾನು ಹೋಗಲ್ಲ."

"ಯಾಕೆ? ಏಳು ಮಕ್ಕಳಲ್ಲಿ ದೊಡ್ಡವಳು, ಮನೆಯಲ್ಲಿ ಟೀವಿ ಇಲ್ಲ, ಹುಡುಗರ ಜೊತೆ ಮಾತಿಲ್ಲ. ಉಸಿರು ಕಟ್ಟಲಿಲ್ವಾ?"

"ಕಟ್ಟಿತ್ತು. ತಮ್ಮಂದಿರ ಷರ್ಟ್ ಇಸ್ತ್ರಿ ಮಾಡ್ತಾ ಎಷ್ಟೋ ಸಲ ಅತ್ತಿದೀನಿ. ಆದ್ರೆ ಪ್ರತಿ ಶುಕ್ರವಾರ ಸಂಜೆ ಅಪ್ಪ ಒಬ್ಬೊಬ್ಬರ ತಲೆ ಮೇಲೂ ಕೈಯಿಟ್ಟು ಹರಸ್ತಾರೆ. ನಾನು ಅವರ ಜೊತೆ ಜಗಳ ಆಡಿದ ವಾರ ನನ್ನ ತಲೆ ಮೇಲೆ ಇನ್ನೂ ಸ್ವಲ್ಪ ಹೊತ್ತು ಇಡ್ತಾರೆ. ಎರಡನ್ನೂ ಬರೀರಿ. ಆ ಜಗಳ ಇನ್ನೂ ಮುಗಿದಿಲ್ಲ. ಅದನ್ನ ಆಡೋಕಾದ್ರೂ ನಾನು ಮನೆಯಲ್ಲೇ ಇರಬೇಕು."

೪

(ಮೂರನ್ನು ಅಳಿಸಿದೆ. ಅದರಲ್ಲಿ ನಾನು ಸಿಕ್ಕಾಪಟ್ಟೆ ಒಳ್ಳೆಯವಳಾಗಿದ್ದೆ.)

ಸಂಗತಿ ಇಷ್ಟು. ಅವರ ಸಾಮೂಹಿಕ ಪ್ರಾರ್ಥನೆಗೆ ಹತ್ತು ಗಂಡಸರು ಸೇರಬೇಕು. ಶನಿವಾರ ಅವರ ಪವಿತ್ರ ವಿಶ್ರಾಂತಿಯ ದಿನ, ಕಾರು ಓಡಿಸುವಂತಿಲ್ಲ. ಹಾಗಾಗಿ ಸುತ್ತಮುತ್ತಲಿನವರು ಫ್ರೇಡಿ ಮನೆಗೆ ನಡೆದೇ ಬರುತ್ತಾರೆ. ಇದನ್ನು ನಿಲ್ಲಿಸಿ ಎಂದು ನಮ್ಮ ಬಡಾವಣೆಯ ಅಸೋಸಿಯೇಷನ್‌ಗೆ ದೂರು ಹೋಗಿದೆ. ಇವತ್ತು ಸಂಜೆ ಅದರ ಮೀಟಿಂಗ್. ಪ್ರಾರ್ಥನೆ ನಿಂತರೆ ಅವರು ಮನೆ ಮಾರಿ, ಇನ್ನೊಂದು ಪ್ರಾರ್ಥನಾ ಮಂದಿರಕ್ಕೆ ನಡೆದು ಹೋಗುವಷ್ಟು ಹತ್ತಿರಕ್ಕೆ ಶಿಫ್ಟ್ ಆಗಬೇಕು.

ದೂರಿನ ಕಾರಣ ಏನು ಗೊತ್ತೇ? ಪಾರ್ಕಿಂಗ್ ತೊಂದರೆ! ಅಯ್ಯೋ ರಾಮ, ಈ ರಸ್ತೆಯ ತುಂಬ ಕಾರು ನಿಲ್ಲಿಸುವವರು ನಾವು. ನಮ್ಮ ಮನೆಯ ಸತ್ಯನಾರಾಯಣ ಪೂಜೆಗೆ ಪಕ್ಕದ ಊರು ಕ್ಯಾರಲ್ಟನ್‌ನಿಂದ ಬಂದವರು ಎದುರು ಮನೆಯ ಡಾರ್ಲೀನ್‌ಳ ಹುಲ್ಲಿನ ಮೇಲೂ ಟೈರು ಹತ್ತಿಸಿದ್ದಾರೆ.

ಆ ದೂರಿನಲ್ಲಿ ಹನ್ನೊಂದನೇ ಸಹಿ ನನ್ನದು.

"ಯಾಕೆ ಮಾಡಿದ್ರಿ?"

ಓದದೆ ಮಾಡಿದೆ ಎಂದು ಬರೆಯಲು ಹೊರಟೆ. ಪುಟದ ಫ್ರೇಡಿ ಕೈಕಟ್ಟಿ ನಿಂತಳು. ಸರಿ, ಓದಿಯೇ ಮಾಡಿದೆ. ಡಾರ್ಲೀನ್ ಕಾಗದ ಹಿಡಿದು ಬಾಗಿಲಿಗೆ ಬಂದು, "ನಮ್ಮ ರಸ್ತೆಯನ್ನ ನಾವೇ ನೋಡ್ಕೋಬೇಕಲ್ವಾ, ಗಾರ್ಗಿ?" ಎಂದಳು. ಹದಿಮೂರು ವರ್ಷಗಳಲ್ಲಿ ಮೊದಲ ಸಲ ಯಾರೋ ನನ್ನನ್ನು ಆ 'ನಾವು' ಒಳಗೆ ಸೇರಿಸಿಕೊಂಡಿದ್ದರು. ಈಗ ಹೇಳಲು ನಾಚಿಕೆಯಾಗುತ್ತದೆ, ಆಗ ಖುಷಿಯಾಗಿತ್ತು.

೫

ಮುಕ್ತಾಯಗಳಿವೆ, ಬೇಕಾದ್ದು ಆರಿಸಿಕೊಳ್ಳಿ.

ಅ) ನಾನು ಮೀಟಿಂಗ್‌ನಲ್ಲಿ ಮಾತಾಡುತ್ತೇನೆ. ಎಲ್ಲರ ಕಣ್ಣು ಒದ್ದೆ, ಚಪ್ಪಾಳೆ. (ಸಿನಿಮಾ.)

ಆ) ಅವರು ಮನೆ ಖಾಲಿ ಮಾಡುತ್ತಾರೆ, ನಾನು ಕಿಟಕಿಯಲ್ಲಿ ನಿಂತು ಕವಿತೆ ಬರೆಯುತ್ತೇನೆ. (ಥೂ.)

ಇ) ಫ್ರೇಡಿ ನನ್ನನ್ನು ಕ್ಷಮಿಸಿ, ಮನೆಯಲ್ಲಿ ಸುಟ್ಟ ಬ್ರೆಡ್ ತಂದುಕೊಡುತ್ತಾಳೆ.

"ತರಲ್ಲ," ಎಂದಳು. "ಮೊದಲು ಸಹಿ ವಾಪಸ್ ತಗೊಳ್ಳಿ."

ನನ್ನ ಗಂಡ ವಿನಾಯಕ್ ಬೆನ್ನ ಹಿಂದೆ ನಿಂತು ಸ್ಕ್ರೀನ್ ಓದುತ್ತಿದ್ದರು. ಡಲ್ಲಾಸ್‌ಗೆ ಬಂದು ಇಷ್ಟು ವರ್ಷವಾದರೂ ಅವರ ಬಾಯಲ್ಲಿ ಧಾರವಾಡವೇ.

"ನೀ ಸುಮ್ನ ಕೂಡು. ಇವತ್ತ ಅವರ ಪರ ಮಾತಾಡಿದ್ರ ನಾಳೆ ನಮ್ಮ ಪೂಜಾನೂ ಬಂದ್ ಮಾಡಸ್ತಾರ."

"ಮಾಡಸ್ಲಿ ಬಿಡ್ರಿ. ಅದಕ್ಕೂ ಜಗಳಾಡ್ತೀನಿ."

"ತಪ್ಪಾತು ಅಂತ ಕಥಿಯೊಳಗ ಬರದೀಯಲ್ಲ, ಸಾಕು ತಗೋ."

ಸಾಕು ಎಂದು ನನಗೂ ಅನ್ನಿಸಿತ್ತು, ಸುಳ್ಳೇಕೆ ಹೇಳಲಿ. ಅಷ್ಟರಲ್ಲಿ ಫ್ರೇಡಿ ಕೇಳಿದಳು:

"ಇದನ್ನ ಡಾರ್ಲೀನ್ ಓದ್ತಾರಾ?"

"ಇಲ್ಲಮ್ಮ, ಕನ್ನಡದಲ್ಲಿದೆ."

"ನಮ್ಮಪ್ಪ?"

"ಇಲ್ಲ."

"ಈ ರಸ್ತೆಯಲ್ಲಿ ಯಾರು ಓದ್ತಾರೆ?"

"ವಿನಾಯಕ್."

"ಭಾರೀ ಧೈರ್ಯ ಆಂಟಿ ನಿಮ್ಮದು."

ಮೈಯೆಲ್ಲ ಉರಿದುಹೋಯಿತು. ನಾನೇ ಬರೆದ ಹುಡುಗಿ!

ಆರೂ ಮುಕ್ಕಾಲು. ಮೀಟಿಂಗ್ ಏಳಕ್ಕೆ, ಕ್ಲಬ್‌ಹೌಸ್‌ನಲ್ಲಿ. ಏನಾಯಿತು ಅಂತ ನನ್ನನ್ನು ಕೇಳಬೇಡಿ ಓದುಗರೇ; ಈಗ ಗೊತ್ತಿಲ್ಲ, ಗೊತ್ತಾದ ಮೇಲೂ ಈ ಕಥೆಗೆ ಕೊಡುವುದಿಲ್ಲ. ಅರ್ಧಕ್ಕೇ ಎದ್ದು ಹೊರಟಿದ್ದೇನೆ. ದೂರು ಸುಳ್ಳು, ಸುಳ್ಳೆಂದು ತಿಳಿದೇ ನಾನು ಸಹಿ ಹಾಕಿದೆ. ಇಷ್ಟನ್ನು ಇಂಗ್ಲಿಷಿನಲ್ಲಿ, ಡಾರ್ಲೀನ್‌ಳ ಮುಖ ನೋಡಿಕೊಂಡು ಹೇಳಬೇಕು.