ಎಡಕ್ಕೆ ಬಿಗಿಯುವ ನಟ್ಟು

"ಎತ್ತಬೇಡಿ" ಎಂದು ಶೀಲಾವತಿ ಗಂಡ ಕಾಂತಪ್ಪನ ಚಟ್ಟದ ಬಿದಿರನ್ನು ಹಿಡಿದುಕೊಂಡಳು.

ಹೆಗಲು ಕೊಡಲು ಬಗ್ಗಿದ್ದ ಗಂಡಸರು ಬಗ್ಗಿದಲ್ಲೇ ನಿಂತರು. ಬೆಳಗಿನಿಂದ ಒಂದು ಹನಿ ಕಣ್ಣೀರು ಹಾಕದೆ, ಯಾರು ಮಾತಾಡಿಸಿದರೂ ಉತ್ತರ ಕೊಡದೆ ಕುಳಿತಿದ್ದವಳು ಇವಳು. ಧಾರಾವಿಯ ಆ ಚಾಳ್ ವಠಾರದ ಅಂಗಳದಲ್ಲಿ ಸೇರಿದ್ದವರೆಲ್ಲ ಬೆಚ್ಚಿ ನೋಡಿದರು.

"ಇವರು ಮಾಡಿದ ನಟ್ಟು ಬಿಚ್ಚಿಕೊಂಡಿತು ಅಂತ ಆಗಿನಿಂದ ಹೇಳ್ತಾ ಇದ್ದೀರಲ್ಲ, ಯಾರು ನೋಡಿದ್ದು?"

ಸಂಗಪ್ಪ ತಲೆ ತಗ್ಗಿಸಿದ. ವರ್ಕ್‌ಶಾಪಿನಲ್ಲಿ ಕಾಂತಪ್ಪನ ಪಕ್ಕದ ಲೇತ್ ಯಂತ್ರದವನು ಅವನು. "ತಾನ ಮಾಡಿದ ನಟ್ಟು ತನ್ನ ಜೀವಾನ ತಗೊಂತು ನೋಡ್ರಿ" ಎಂದು ಬಾಗಿಲಲ್ಲಿ ಮೊದಲು ಅಂದವನೂ ಅವನೇ. ಆಮೇಲೆ ಆ ಮಾತು ಅಂಗಳದ ತುಂಬ ಓಡಾಡಿತ್ತು.

ಶೀಲಾವತಿಯ ಅಣ್ಣ ದೂಜ ಮೆಟ್ಟಿಲ ಬಳಿ ಗೋಡೆಗೆ ಒರಗಿ ಕುಳಿತಿದ್ದ. ಮದುವೆಯೊಂದಕ್ಕೆ ಬಾಡಿಗೆಗೆ ಹೋಗಿದ್ದ ಕಾರನ್ನು ನಿನ್ನೆ ಸಂಜೆ ಹಿಂದಕ್ಕೆ ನಡೆಸಿಕೊಂಡು ಬರುತ್ತಿದ್ದವನು ಅವನೇ. ಸಾಯನ್ ರಸ್ತೆಯಲ್ಲಿ ಹಿಂದಿನ ಎಡಚಕ್ರ ಕಳಚಿ, ಕಾರು ದೀಪದ ಕಂಬಕ್ಕೆ ಬಡಿದು, ಪಕ್ಕದಲ್ಲಿ ಕುಳಿತಿದ್ದ ಕಾಂತಪ್ಪ ಹೊರಗೆ ಎಸೆಯಲ್ಪಟ್ಟಿದ್ದ. ದೂಜನ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಹೆಣ ಕೊಡುವವರೆಗೆ ಆಸ್ಪತ್ರೆಯಲ್ಲೇ ಇದ್ದ. ಭಾವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಾಗ ಅಂಗಿಗೆ ಹತ್ತಿದ ರಕ್ತ ಅಲ್ಲೇ ಒಣಗಿ ಕಪ್ಪಾಗಿತ್ತು.

ವರ್ಕ್‌ಶಾಪಿನ ಮಾಲೀಕ ಕಾಶಪ್ಪ ಮುಂದೆ ಬಂದ. "ತಂಗೀ, ಗಾಡಿ ಇನ್ನೂ ರೋಡಿನ ಬಾಜೂಕ ಐತಿ. ನಾ ಹೋಗಿ ನೋಡ್ಕೊಂಡು ಬರ್ತೀನಿ."

"ಹೊತ್ತಾಗ್ತೈತ್ರೀ" ಎಂದ ಯಾರೋ.

"ಆಗಲಿ ಬಿಡ್ರಿ" ಎಂದಳು ಕಾಶಪ್ಪನ ಹೆಂಡತಿ ರುದ್ರವ್ವ. "ಆಕಿಗೆ ಗೊತ್ತಾಗಬೇಕು."

*

ಆ ಕಾರು ಎರಡನೇ ಮಹಾಯುದ್ಧಕ್ಕೂ ಎಷ್ಟೋ ಮೊದಲಿನದು. ದೂಜ ಮಾಟುಂಗಾದ ಸೇಠ್ ಒಬ್ಬರ ಡ್ರೈವರ್. ಸೇಠ್ ಹೊಸ ಕಾರು ಕೊಂಡಾಗ, ಶೆಡ್ಡಿನಲ್ಲಿ ಧೂಳು ಹಿಡಿದು ನಿಂತಿದ್ದ ಹಳೆಯದನ್ನು ದೂಜನಿಗೆ ಕೊಟ್ಟುಬಿಟ್ಟರು. ಬಾನೆಟ್ಟಿನ ಮೇಲೆ ಕೈಯಾಡಿಸುತ್ತ, "ಮದುವೆಗೆ ಬಾಡಿಗೆ ಬಿಡುವ ಬಾವ. ಮದುಮಗಳು ಇಳಿದರೆ ರಾಣಿ ಇಳಿದ ಹಾಗೆ ಕಾಣ್ಬೇಕು" ಎಂದಿದ್ದ ದೂಜ ಕಾಂತಪ್ಪನಿಗೆ. ಆದರೆ ಹಿಂದಿನ ಎಡಚಕ್ರದ ನಟ್ಟುಗಳನ್ನು ಯಾರೋ ಬಿಚ್ಚಿಕೊಂಡು ಹೋಗಿದ್ದರು. ಕಾರಿನ ಆ ಮೂಲೆ ಇಟ್ಟಿಗೆಯ ಮೇಲೆ ನಿಂತಿತ್ತು.

ರಜೆ ಸಿಕ್ಕಾಗಲೆಲ್ಲ ಭಾವಂದಿರಿಬ್ಬರೂ ಚೋರ್ ಬಜಾರ್ ಸುತ್ತಿದರು, ಕುರ್ಲಾದ ಗುಜರಿಗಳಲ್ಲಿ ಕೈ ಕಪ್ಪು ಮಾಡಿಕೊಂಡರು. ಅಳತೆಗೆ ಸರಿಯಾದ ನಟ್ಟು ಸಿಕ್ಕಿದರೂ ಬೋಲ್ಟಿನ ತುದಿಯಲ್ಲೇ ಕಚ್ಚಿಕೊಂಡು ನಿಲ್ಲುತ್ತಿತ್ತು. ಕೊನೆಗೆ ಕಾಂತಪ್ಪ ಮುಂದಿನ ಎಡಚಕ್ರದ ಒಂದು ನಟ್ಟನ್ನು ಬಿಚ್ಚಲು ಹೋದ. ಅದು ಬಿಚ್ಚಿಕೊಂಡ ರೀತಿ ನೋಡಿ ಜೋರಾಗಿ ನಕ್ಕುಬಿಟ್ಟ.

"ಬಾವ, ಇದು ಎಡಕ್ಕೆ ಬಿಗಿಯುವುದು ಮಾರಾಯ!"

"ಎಂತದು?"

"ಉಲ್ಟಾ ಸುತ್ತು. ಗಾಡಿ ಓಡುವಾಗ ಸಡಿಲ ಆಗಬಾರದು ಅಂತ ಎಡಬದಿಗೆ ಹೀಗೆ ಮಾಡಿದ್ದಾರೆ. ಬಜಾರಿನಲ್ಲಿ ಎಲ್ಲಿ ಸಿಗ್ತದೆ? ನಾನೇ ಮಾಡ್ತೇನೆ."

ಊರು ಬಿಟ್ಟು ಬಂದ ಕಾಂತಪ್ಪ ಮೊದಲು ಕೋಟೆ ಪ್ರದೇಶದ ಹೋಟೆಲಿನಲ್ಲಿ ಕಪ್ಪು ತೊಳೆಯುತ್ತಿದ್ದ. ಕಾಶಪ್ಪ ಲೇತಿನ ಮುಂದೆ ನಿಲ್ಲಿಸಿದ ಮೇಲೆ ಬೇರೆ ಕೆಲಸ ಬೇಡವೆನಿಸಿತು. ಆದರೆ ಹೊಟ್ಟೆಪಾಡಿಗಲ್ಲದೆ ತನಗಾಗಿ ಅವನು ಏನನ್ನಾದರೂ ಮಾಡಿದ್ದು ಅದೇ ಮೊದಲು. ಡ್ಯೂಟಿ ಮುಗಿದ ಮೇಲೆ ನಿಂತು ಸುತ್ತು ಕತ್ತರಿಸಿದ, ಆರು ಮೂಲೆಗಳನ್ನೂ ಅರದಿಂದ ಉಜ್ಜಿದ. ಸರಿಬರದಿದ್ದನ್ನು ಎಸೆದು ಮತ್ತೆ ಮಾಡಿದ. ಆ ಹುರುಪಿನಲ್ಲೇ ಹೆಂಡತಿಯ ಎಣ್ಣೆ ಡಬ್ಬಿಗೂ ಹಿತ್ತಾಳೆಯದೊಂದು ಉಲ್ಟಾ ಸುತ್ತಿನ ಮುಚ್ಚಳ ಮಾಡಿಕೊಟ್ಟ. ಎಣ್ಣೆ ಕೇಳಿ ಬಂದ ರುದ್ರವ್ವ ಅದನ್ನು ತೆರೆಯಲಾರದೆ, "ನಿನ್ನ ಗಂಡ ಜಿಪುಣ ಆದ ಬಿಡವಾ" ಎಂದು ಬೈದು ಹೋದಾಗ ಗಂಡ ಹೆಂಡತಿ ಒಳಗೆ ಬಾಯಿ ಮುಚ್ಚಿಕೊಂಡು ನಕ್ಕರು.

ಚಕ್ರ ಕೂತ ಭಾನುವಾರ ದೂಜ ಇಬ್ಬರನ್ನೂ ಜುಹೂಗೆ ಕರೆದೊಯ್ದ. ದಾರಿಯುದ್ದಕ್ಕೂ ಕಾಂತಪ್ಪ ಕಿಟಕಿಯಿಂದ ತಲೆ ಹೊರಹಾಕಿ ಹಿಂದಿನ ಚಕ್ರವನ್ನೇ ನೋಡುತ್ತಿದ್ದ. "ಸಮುದ್ರ ಈ ಕಡೆ ಉಂಟು" ಎಂದು ಶೀಲಾವತಿ ಅವನ ಗಲ್ಲ ಹಿಡಿದು ತಿರುಗಿಸಬೇಕಾಯಿತು.

*

ಕಾಶಪ್ಪ ಹಿಂತಿರುಗುವಾಗ ಬಿಸಿಲು ಅಂಗಳದ ನಡುವಿಗೆ ಬಂದಿತ್ತು. ಅವನ ಪಂಚೆ ಮಂಡಿಯ ಬಳಿ ಮಣ್ಣಾಗಿತ್ತು. ಶೀಲಾವತಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಕರವಸ್ತ್ರ ಬಿಚ್ಚಿದ. ಒಂದು ನಟ್ಟು. ಅದರೊಳಗೆ ಮುರಿದ ಬೋಲ್ಟಿನ ತುಂಡು ಹಾಗೇ ಸಿಕ್ಕಿಕೊಂಡಿತ್ತು.

"ಗಟಾರದ ಬಾಜೂಕ ಸಿಕ್ತು. ನೋಡವಾ, ನಟ್ಟು ಬಿಚ್ಚಿಲ್ಲ. ಹಿಡದದ್ದು ಹಿಡದಂಗ ಐತಿ. ಚಕ್ರದ ಬೋಲ್ಟ ತುಂಡಾಗ್ಯಾವ, ಎಲ್ಲಾನೂ."

ಸಂಗಪ್ಪ ಬಗ್ಗಿ ನೋಡಿ ಹಣೆ ಹಣೆ ಬಡಿದುಕೊಂಡ. ಶೀಲಾವತಿ ನಟ್ಟನ್ನು ಅಂಗೈಯಲ್ಲಿ ತೆಗೆದುಕೊಂಡಳು.

"ಆದ್ರ ನಟ್ಟಿನ ಮೂಲಿ ಹೆಂಗ ಕಿತ್ತಾವ ನೋಡ್ರಿ" ಎಂದ ಕಾಶಪ್ಪ, ಧ್ವನಿ ತಗ್ಗಿಸಿ. "ಕಾಂತಪ್ಪನ ಕೈ ಅಲ್ಲ ಇದು. ಉಲ್ಟಾ ಸುತ್ತು ಗೊತ್ತಿಲ್ಲದ ಯಾರೋ ಬಿಚ್ಚಾಕ ಹೋಗಿ ಬಿಗಿದಾರ. ಮೈಭಾರ ಹಾಕಿ ಬಿಗಿದಾರ. ಬೋಲ್ಟ ಆಗಲೇ ಸೀಳಿರಬೇಕು. ಯಾರ ಮುಟ್ಟಿದ್ರು ಈ ಚಕ್ರಾನ?"

ಗೋಡೆಯ ಬಳಿಯಿಂದ ದೂಜ ಎದ್ದು ನಿಂತ.

"ಪಂಕ್ಚರ್ ಆಗಿತ್ತು. ಭಾಂಡುಪ್‌ನಲ್ಲಿ. ಮದುಮಕ್ಕಳನ್ನು ಇಳಿಸಿ ಆದ ಮೇಲೆ. ಪಂಕ್ಚರ್ ಅಂಗಡಿಯವನ ಹತ್ತಿರ ಬಿಟ್ಟು ಚಾ ಕುಡಿಯಲಿಕ್ಕೆ ಹೋದೆ. ಬಂದು ನೋಡಿದರೆ ಅವನು ನಟ್ಟು ಬಿಚ್ಚುವ ಪಾನಾಕ್ಕೆ ಪೈಪು ಸಿಕ್ಕಿಸಿ ಮೇಲೆ ಹತ್ತಿ ನಿಂತಿದ್ದಾನೆ. ಉಲ್ಟಾ ಮಾರಾಯ, ಉಲ್ಟಾ ಅಂತ ಕೂಗಿದೆ. ಆಮೇಲೆ ಸರಿಯಾಗಿ ಬಿಚ್ಚಿದ, ಸರಿಯಾಗಿ ಹಾಕಿದ. ಆಯ್ತು ಅಂತ ನಾನು..."

"ಇವರು ಎಲ್ಲಿದ್ದರು?" ಎಂದಳು ಶೀಲಾವತಿ.

ದೂಜ ತಂಗಿಯ ಮುಖ ನೋಡಲಿಲ್ಲ.

"ಅಣ್ಣ, ಇವರು ಎಲ್ಲಿದ್ದರು?"

"ಊಟ ಮಾಡಿ ಚಪ್ಪರದಲ್ಲಿ ಮಲಗಿದ್ದ. ಮದುವೆಗೆ ಕಾರು ರೆಡಿ ಮಾಡಲಿಕ್ಕೆ ವಾರವಿಡೀ ನಿದ್ದೆಗೆಟ್ಟಿದ್ದನಲ್ಲ ಶೀಲಾ. ಒಳ್ಳೆ ನಿದ್ದೆ. ಎಬ್ಬಿಸುವುದು ಬೇಡ ಅಂತ ಗಾಡಿ ನಾನೊಬ್ಬನೇ ತಗೊಂಡು ಹೋದೆ. ಬರುವಾಗಲೂ ಹೇಳಲಿಲ್ಲ. ಹೇಳಿದರೆ ಚಕ್ರ ಬಿಚ್ಚಿ ಕೂತುಬಿಡ್ತಾನೆ, ಬೇಗ ಮನೆ ಸೇರಲಿ ಅಂತ..."

ಕಾಶಪ್ಪ, ಯಾಕಾದರೂ ಹುಡುಕಿ ತಂದೆನೋ ಎಂಬಂತೆ ಖಾಲಿ ಕರವಸ್ತ್ರವನ್ನು ಮಡಚುತ್ತ ಕುಳಿತ. ಶೀಲಾವತಿ ಈಗ ಚೀರುತ್ತಾಳೆಂದು ರುದ್ರವ್ವ ಅವಳ ಭುಜ ಹಿಡಿಯಲು ಕೈ ಚಾಚಿದಳು.

ಆದರೆ ಶೀಲಾವತಿ ಚೀರಲಿಲ್ಲ. ನಟ್ಟನ್ನು ಚಟ್ಟದ ಮೇಲೆ, ಗಂಡನ ಕೈಯ ಬಳಿ ಇಟ್ಟಳು. ಎದ್ದು ಮಹಡಿ ಹತ್ತಿದಳು. ನಿನ್ನೆ ಮಧ್ಯಾಹ್ನ ಒಗೆದು ಗಂಜಿ ಹಾಕಿ ಹರವಿದ್ದ ಕಾಂತಪ್ಪನ ಬಿಳಿ ಅಂಗಿ ಅಲ್ಲಿನ ಹಗ್ಗದ ಮೇಲೆಯೇ ಇತ್ತು. ಅದನ್ನು ತೆಗೆದುಕೊಂಡು ಇಳಿದು ಬಂದು ಅಣ್ಣನ ಮುಂದೆ ನಿಂತಳು.

"ಆ ಅಂಗಿ ತೆಗೆ."

ದೂಜ ಕದಲಲಿಲ್ಲ. ಅವಳೇ ಗುಂಡಿ ಬಿಚ್ಚತೊಡಗಿದಳು. ರಕ್ತ ಒಣಗಿದಲ್ಲಿ ಬಟ್ಟೆ ಅವನ ಎದೆಗೆ ಅಂಟಿಕೊಂಡಿತ್ತು. ಮೆಲ್ಲನೆ ಎಳೆದು ಬಿಡಿಸಿದಳು.

"ಇದನ್ನು ಹಾಕು. ಮುಂದಿನ ಹೆಗಲು ನೀನೇ ಕೊಡು."

"ಶೀಲಾ, ನನ್ನಿಂದ ಆಗುವುದಿಲ್ಲ..."

"ಹಾಕು ಅಣ್ಣ."

ಕಾಂತಪ್ಪ ಸಣಕಲ, ದೂಜ ದಪ್ಪ. ಗುಂಡಿಗಳು ಕೂಡಲಿಲ್ಲ. ಗಂಜಿಯ ಗರಿಗರಿ ಬೆನ್ನ ಮೇಲೆ ಸೆಟೆದು ನಿಂತಿತು. ಅವನು ಬಗ್ಗಿ ಬಿದಿರನ್ನು ಹೆಗಲಿಗೆ ತೆಗೆದುಕೊಂಡ. ಚಟ್ಟ ಓಣಿಗೆ ಇಳಿದು ಸಾಯನ್ ಕಡೆ ತಿರುಗುವಾಗ ಅಂಗಿಯ ಹೆಗಲ ಹೊಲಿಗೆ ಬಿಚ್ಚಿಕೊಂಡಿತು. ಒಂದೊಂದು ಹೆಜ್ಜೆಗೂ ಇನ್ನಷ್ಟು ಬಿಚ್ಚುತ್ತ, ಬಿದಿರಿನ ಕೆಳಗೆ ಅವನ ಬರಿಯ ಚರ್ಮ ಕಾಣತೊಡಗಿತು.