ಗಾಡಿಗೆ ಚಳಿಜ್ವರ

ಝಿರ್ರ್, ಝಿರ್ರ್, ಮತ್ತೆ ಶುರುವಾಯಿತು, ಹೊದಿಕೆಯ ಒಂದು ತುದಿಯನ್ನು ನಲ್ಲಿಗೆ ಸುತ್ತಿ ಇನ್ನೊಂದು ತುದಿ ಹಿಡಿದು ಹಿಂಡುತ್ತಿದ್ದೇನೆ, ನೀರು ಮೊಣಕೈಯಿಂದ ಒಳಗೆ ಇಳಿಯುತ್ತಿದೆ, ಇಂಥ ಕೆಲಸಕ್ಕೆ ಇಬ್ಬರು ಬೇಕು, ಎರಡನೆಯವರು ಒಳಗೆ ಊಟದ ಮೇಜಿನ ಮೇಲೆ ಆಟದ ಕಾರಿನ ಹೊಟ್ಟೆ ಬಿಚ್ಚಿ ಕೂತಿದ್ದಾರೆ — ಆಟದ ಕಾರು ಎನ್ನಬಾರದು, ಬಗ್ಗಿ ಎನ್ನಬೇಕು, ಆಟದ ಕಾರು ಅಂದ್ರೆ ಮಕ್ಕಳು ದಾರ ಕಟ್ಟಿ ಎಳೆಯೋದು ಕಣೇ, ಇದು ರೇಸಿನ ಬಗ್ಗಿ, ಸರಿ ಮಹಾರಾಯರೇ, ಬಗ್ಗಿ, ಆದರೆ ಅದರ ಕೆಸರು ತೆಗೆಯುವುದು ನನ್ನ ಪಾತ್ರೆ ಬ್ರಷ್ಷು, ಅದರ ಸ್ಕ್ರೂಗಳು ಮಲಗುವುದು ನನ್ನ ಉಪ್ಪಿನ ಬಟ್ಟಲಲ್ಲಿ. ಝಿರ್ರ್ ಎನ್ನುವುದು ಸರ್ವೋ, ಬೆಂಕಿಪೊಟ್ಟಣದಷ್ಟು ಡಬ್ಬಿ, ರಿಮೋಟಿನ ಪುಟ್ಟ ಸ್ಟೀರಿಂಗನ್ನು ಇವರು ಎಷ್ಟು ತಿರುಗಿಸಿದರೋ ಅಷ್ಟೇ ಮುಂದಿನ ಚಕ್ರಗಳನ್ನು ತಿರುಗಿಸುವುದು ಅದರ ಉದ್ಯೋಗ, ತಿರುಗಿಸದಿದ್ದರೆ ಸುಮ್ಮನಿರಬೇಕು, ಇದು ಸುಮ್ಮನಿರುವುದಿಲ್ಲ, ಬಾಗಿಲ ಸಂದಿನಿಂದ ಕಾಣುತ್ತಿದೆ, ಮೇಜಿನ ಮೇಲಿಟ್ಟ ಬಗ್ಗಿಯ ಎರಡು ಮುಂಚಕ್ರಗಳು ಎಡಕ್ಕೆ ಬಲಕ್ಕೆ ಎಡಕ್ಕೆ ಬಲಕ್ಕೆ, ಸಣ್ಣಗೆ, ಬೇಡ ಬೇಡ ಎಂದು ತಲೆಯಾಡಿಸುವ ಹಾಗೆ. ಏ ಇವಳೇ, ಈ ಸರ್ವೋನೂ ಸರಿಯಿಲ್ಲ ಕಣೇ. ಇಲ್ಲ ಅಂತೀರಾ. ಸ್ಪೀಡ್ ಸಾಲದು. ಸಾಲದೇ, ಅಯ್ಯೋ, ನನ್ನ ಹಲ್ಲು ನನ್ನ ತುಟಿಯನ್ನೇ ಕಚ್ಚಿ ಹಿಡಿದಿದೆ, ಸ್ಪೀಡ್ ಸಾಲದಂತೆ.

ಮೊದಲು ಇದ್ದದ್ದು ಗಾಡಿಯ ಜೊತೆಗೇ ಬಂದ ಸರ್ವೋ, ಸೋಮಾರಿ, ಹೇಳಿದ್ದನ್ನು ಅರ್ಧ ಕೇಳಿಸಿಕೊಂಡು ನಿಧಾನಕ್ಕೆ ಎದ್ದು ಹೋಗುವ ಹಳೇ ಗುಮಾಸ್ತನ ಹಾಗೆ, ಅದರ ಕಾಲದಲ್ಲಿ ಗಾಡಿ ನೆಟ್ಟಗೇ ಓಡುತ್ತಿತ್ತು, ಆಮೇಲೆ ತಿರುವಿನಲ್ಲಿ ತಲೆ ಕುಣಿಸತೊಡಗಿತು, ಶಕ್ತಿ ಸಾಲದು ಎಂದು ಬಲವಾದದ್ದು ತಂದರು, ಇನ್ನಷ್ಟು ಕುಣಿಯಿತು, ವೇಗ ಸಾಲದು ಎಂದು ಚುರುಕಾದದ್ದು ತಂದರು, ಒಳಗೆಲ್ಲ ಲೋಹದ ಹಲ್ಲುಚಕ್ರ, ಆಗ ಕುಣಿತವಲ್ಲ, ನಡುಕ. ಅಂಗಡಿಯವನು ನನ್ನ ಮುಖ ನೋಡಿದ, ಅಮ್ಮಾ, ಇದಕ್ಕಿಂತ ಫಾಸ್ಟ್ ಬೇಕು ಅಂದ್ರೆ ಮಿಂಚನ್ನೇ ಹಿಡಿದು ಡಬ್ಬಿಗೆ ಹಾಕಿಕೊಡ್ಬೇಕು ನಾನು. ಹಾಕ್ಕೊಡು, ಅದನ್ನೂ ಇವರು ನಿಧಾನ ಅಂತಾರೆ. ನಡುವೆ ಸ್ಪ್ರಿಂಗು ಬದಲಾಯಿತು, ಕುಲುಕು ತಡೆಯುವ ಶಾಕಿಗೆ ಗಟ್ಟಿ ಎಣ್ಣೆ ಹಾಕಿದ್ದಾಯಿತು, ತೆಳು ಎಣ್ಣೆ ಹಾಕಿದ್ದಾಯಿತು, ಮುಂಚಕ್ರಗಳ ಮೂತಿ ಒಂದಿಷ್ಟು ಒಳಕ್ಕೆ, ಒಂದಿಷ್ಟು ಹೊರಕ್ಕೆ, ಮೆತ್ತನೆ ಟೈರು, ಮುಳ್ಳು ಟೈರು, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಇವರು ನೆಲವನ್ನೂ ಬಿಡಲಿಲ್ಲ, ಟ್ರ್ಯಾಕಿನ ಮಣ್ಣು ಪುಡಿಯಾಗಿದೆ ಎಂದು ಕ್ಲಬ್ಬಿನವರ ಜೊತೆ ಜಗಳ, ಬಿಟ್ಟದ್ದು ಒಂದೇ ಒಂದು, ಆ ಒಂದರ ಹೆಸರು ಈ ಮನೆಯಲ್ಲಿ ಎತ್ತುವ ಹಾಗಿಲ್ಲ. ಬಲಗೈ. ಲೋಟ ತಟ್ಟೆಗೆ ತಾಗಿದಾಗ ಟಣಟಣ ಎನ್ನಿಸುವ, ಅಂಗಿಯ ಗುಂಡಿ ಹಾಕುವಾಗ ತೂತು ಸಣ್ಣದು ಮಾಡ್ತಾರೆ ಈಗಿನವರು ಎಂದು ದರ್ಜಿಯನ್ನು ಬೈಯಿಸುವ ಕೈ. ಸೋಮಾರಿ ಸರ್ವೋ ಆ ನಡುಕವನ್ನು ಅರ್ಧ ನುಂಗಿಕೊಳ್ಳುತ್ತಿತ್ತು, ಪುಣ್ಯಾತ್ಮ, ಚುರುಕು ಸರ್ವೋ ಒಂದಕ್ಷರ ಬಿಡದೆ ಚಕ್ರಕ್ಕೆ ಒಪ್ಪಿಸುತ್ತದೆ, ಎಡಕ್ಕೆ ಬಲಕ್ಕೆ ಎಡಕ್ಕೆ ಬಲಕ್ಕೆ, ಇದು ನನಗೆ ಹೊಳೆದು ಎಷ್ಟು ಕಾಲವಾಯಿತು, ಹೇಳುವುದು ಹೇಗೆ, ಬಸ್ಸು ಓಡಿಸಿದ ಕೈ ಅದು, ನಿಂತವರ ಕೈಯ ಲೋಟದ ನೀರು ತುಳುಕಬಾರದು, ಅದು ಡ್ರೈವಿಂಗ್ ಎಂದು ಕಂಡಕ್ಟರಿಗೆ ಪಾಠ ಹೇಳುತ್ತಿದ್ದವರು, ಅವರ ಬಸ್ಸಿನಲ್ಲಿ ನಾನೇ ನಿಂತು ಸೂಜಿಗೆ ದಾರ ಪೋಣಿಸಿದ್ದೇನೆ, ಹೇಳು ಈಗ, ಯಾವ ಬಾಯಲ್ಲಿ ಹೇಳುತ್ತೀ.

ನರದ ಡಾಕ್ಟರಮ್ಮ ಹೇಳಿದ್ದಳು, ನೆಟ್ಟಗೆ, ನಗುತ್ತ, ಯಜಮಾನ್ರೇ, ಕೈ ಯಾವಾಗ ಮಾತು ಕೇಳಲ್ಲ, ಯಾವ ಕೆಲಸಕ್ಕೆ ಕಷ್ಟ, ಒಂದು ಹಾಳೆ ತುಂಬ ಬರೆದು ಅಂಚೆಗೆ ಹಾಕಿ, ನಿಮ್ಮ ಕೈಯಲ್ಲೇ ಬರೀಬೇಕು, ಅಕ್ಷರ ನೋಡಿ ಮಾತ್ರೆ ಎಷ್ಟು ಅಂತ ಗೊತ್ತು ಮಾಡ್ತೀನಿ, ಅಮ್ಮಾ, ನೀವು ಬರೆದುಕೊಡಬಾರದು. ಅದೇ ಬಂತಲ್ಲ ಗ್ರಹಚಾರ, ಈ ಮನೆಯ ಕಾಗದಪತ್ರವೆಲ್ಲ ನಾನೇ ಬರೆಯುವುದು, ಐವತ್ತು ದಾಟಿದ ಮೇಲೆ ರಾತ್ರಿಶಾಲೆಯ ಬೆಂಚಿನಲ್ಲಿ ಕೂತು ಕಲಿತ ಅಕ್ಷರ, ಕಲಿತ ಮೇಲೆ ಬಿಟ್ಟವಳಲ್ಲ, ಈ ಒಂದನ್ನು ಬರೆಯುವ ಹಾಗಿಲ್ಲ. ಸ್ವೆಟರ್ ಹಾಕುವ ಕಾಲದಲ್ಲಿ ಅವಳು ಹೇಳಿದ್ದು, ಈಗ ಫ್ಯಾನು ತಿರುಗುತ್ತಿದೆ, ಬರೆದಿರಾ ಅಂದರೆ ಪೆನ್ನು ಸರಿಯಿಲ್ಲ, ಹೊಸ ಪೆನ್ನು ತಂದರೆ ಜಾರುತ್ತೆ ಕಣೇ, ದಪ್ಪ ಪೆನ್ನು ತಂದರೆ ಭಾರ, ಪೆನ್ನಿನಲ್ಲೂ ಸರ್ವೋ ಹುಡುಕುವ ಗಂಡಸು, ಮಗಳು ಫೋನಿನಲ್ಲಿ ಕೂಗುತ್ತಾಳೆ, ಅಮ್ಮಾ, ಮಾತ್ರೆ ತಡವಾದಷ್ಟೂ ಕಷ್ಟ, ನೀನಾದ್ರೂ ಹೇಳಬಾರ್ದಾ, ಹೇಳ್ತೀನಿ ಕಣೆ, ನಿಮ್ಮಪ್ಪನಿಗೆ ಮೊಲಕ್ಕೆ ಮೂರೇ ಕಾಲು, ನೀನೇ ಬಂದು ನಾಲ್ಕನೇದು ತೋರಿಸು. ಹೇಳದೆಯೇ ಸರಿಮಾಡೋಣ ಎಂದು ಒಮ್ಮೆ ನೋಡಿದೆನಲ್ಲ, ಸಣ್ಣಪುಟ್ಟ ಅಲುಗಾಟವನ್ನು ಲೆಕ್ಕಕ್ಕೆ ಹಿಡಿಯಬೇಡ ಎಂದು ರಿಮೋಟಿಗೆ ಹೇಳುವ ಒಂದು ಗುಂಡಿ ಇದೆ, ಒತ್ತಿ ಇಟ್ಟೆ, ಅವತ್ತು ಗಾಡಿ ಬೆಣ್ಣೆಯ ಹಾಗೆ ಹೋಯಿತು, ಇವರಿಗೆ ಮೊದಲ ತಿರುವಿನಲ್ಲೇ ಗೊತ್ತಾಯಿತು, ಯಾರೇ ಇದನ್ನ ಮುಟ್ಟಿದ್ದು, ಕೈ ಹೇಳಿದ್ದನ್ನ ಚಕ್ರ ಕೇಳ್ಬೇಕು, ನಡುವೆ ಇನ್ಯಾರೋ ನಿಂತು ಹೀಗಲ್ಲ ಹಾಗೆ ಅನ್ನೋದು ಡ್ರೈವಿಂಗ್ ಅಲ್ಲ. ತೆಗೆದುಹಾಕಿದರು. ಮುಂದಿನ ಭಾನುವಾರ ಕ್ಲಬ್ಬಿನಲ್ಲಿ ಹಲ್ಲಿನ ಡಾಕ್ಟರು — ಅವರದೂ ಒಂದು ಬಗ್ಗಿ, ನೀಲಿ — ಎಲ್ಲರೆದುರು, ಏನ್ ಯಜಮಾನ್ರೇ, ನಿಮ್ಮ ಗಾಡಿಗೆ ಚಳಿಜ್ವರಾನಾ, ಎಲ್ಲರೂ ನಕ್ಕರು, ಇವರೂ ನಕ್ಕರು, ಸರ್ವೋ ಲೊಡಕಾಸು ಡಾಕ್ಟ್ರೇ, ಅಂದರು, ಮನೆಗೆ ಬರುವಾಗ ಬಲಗೈ ಜೇಬಿನಲ್ಲಿ, ದಾರಿಯುದ್ದಕ್ಕೂ ಜೇಬಿನಲ್ಲಿ.

ಏ ಇವಳೇ, ಬಾರೇ ಒಂದ್ನಿಮಿಷ. ಬಂದೆ, ಹೊದಿಕೆ ನೀರು ಸುರಿಸುತ್ತ ನಲ್ಲಿಗೆ ನೇತಾಡುತ್ತಿರಲಿ, ಸೀರೆಗೆ ಕೈ ಒರೆಸುತ್ತ ಬಂದೆ, ಇದನ್ನ ಹಿಡ್ಕೋ, ಸರ್ವೋ ಬಿಸಿಯಾಗ್ತಿದೆಯಾ ನೋಡ್ತೀನಿ, ಎಂದು ರಿಮೋಟನ್ನು ನನ್ನ ಕೈಗೆ ಕೊಟ್ಟು ಬಗ್ಗಿದರು, ಕೊಟ್ಟರಲ್ಲ, ನಾನು ತೆಗೆದುಕೊಂಡೆನಲ್ಲ, ಅಷ್ಟು ಹೊತ್ತಿನ ಝಿರ್ರ್ ಕತ್ತರಿಸಿದ ಹಾಗೆ ನಿಂತಿತು. ಚಕ್ರ ನಿಂತಿತು. ಬೇಡ ಬೇಡ ಎನ್ನುತ್ತಿದ್ದ ಎರಡೂ ಚಕ್ರ ನೆಟ್ಟಗೆ ಮುಂದೆ ನೋಡುತ್ತ ನಿಂತವು, ಇವರ ಬೆರಳು ಸರ್ವೋದ ಮೇಲೇ ಇದೆ, ತಲೆ ಎತ್ತಲಿಲ್ಲ. ಕೊಡು ಇಲ್ಲಿ. ಕೊಟ್ಟೆ. ಝಿರ್ರ್. ಹಿಡ್ಕೋ. ನಿಂತಿತು. ಕೊಡು. ಝಿರ್ರ್ — ಸಾಕೂಂದ್ರೆ, ಎಂದೆನೇ ನಾನು, ಇಲ್ಲ, ಅಂದುಕೊಂಡದ್ದಷ್ಟೇ, ಹಿಡ್ಕೋ ಎಂದರು ಇನ್ನೊಮ್ಮೆ, ಈ ಸಲ ಹಿಡಿಯುವಾಗ ಬೇಕೆಂದೇ ಬೆರಳನ್ನು ಒಂದಿಷ್ಟು ಅಲ್ಲಾಡಿಸಿದೆ, ಝಿರ್ರ್ ಎಂದಿತು, ಇವರು ಈಗ ತಲೆ ಎತ್ತಿದರು, ನಾಟಕ ಮಾಡ್ಬೇಡ ಕಣೇ, ಎಂದರು, ಮೆಲ್ಲಗೆ, ಬಸ್ಸು ನಿಲ್ದಾಣಕ್ಕೆ ತಂದು ನಿಲ್ಲಿಸುವಷ್ಟು ಮೆಲ್ಲಗೆ, ಸರ್ವೋ ಚೆನ್ನಾಗಿದೆ. ಆಮೇಲೆ ಕುರ್ಚಿ ಎಳೆದುಕೊಂಡು, ಪೆನ್ನು ಕೊಡು, ಯಾವುದು, ಯಾವುದಾದ್ರೂ ಕೊಡೇ ಮಾರಾಯ್ತಿ, ಸ್ಕ್ರೂಗಳ ನಡುವೆ ಹಾಳೆ ಹಾಸಿ ಬರೆದರು, ಎಡಗೈಯಿಂದ ಬಲಗೈಯ ಮಣಿಕಟ್ಟು ಒತ್ತಿ ಹಿಡಿದು, ಸಾಲು ಇರುವೆ ಸಾಲಿನಂತೆ ಹೋಗಿ ಕೊನೆಗೆ ಬರುವಷ್ಟರಲ್ಲಿ ಅಕ್ಷರ ಸಾಸಿವೆಯಾಗಿತ್ತು, ನಾನು ಹತ್ತಿರ ಹೋಗಲಿಲ್ಲ, ದೂರದಿಂದಲೇ ಒಂದು ಪದ ಕಂಡಿತು, ಗುಂಡಿ, ಅಂಗಿಯದೋ ರಿಮೋಟಿನದೋ, ವಿಳಾಸವನ್ನೂ ತಾವೇ ಬರೆದರು, ಲಕೋಟೆ ಅಂಟಿಸಲಿಕ್ಕೂ ಬಿಡಲಿಲ್ಲ.

ಬೀದಿಯ ತಿರುವಿನ ಅಂಚೆಡಬ್ಬಿಯವರೆಗೆ ಜೊತೆಗೆ ಬಾ ಎಂದೂ ಅನ್ನಲಿಲ್ಲ, ಬರಬೇಡ ಎಂದೂ ಅನ್ನಲಿಲ್ಲ, ಹಿಂದೆ ಹಿಂದೆ ಹೋದೆ, ಒದ್ದೆ ಸೀರೆ ಕಾಲಿಗೆ ಅಂಟುತ್ತಿದೆ, ಪೆನ್ನು ಸರಿ ಇರ್ಲಿಲ್ಲ ಕಣೇ, ಎಂದರು ನಡುದಾರಿಯಲ್ಲಿ, ಹೂಂ, ಪೆನ್ನೇ, ಎಂದೆ, ಇನ್ನೇನು ಅನ್ನಲಿ. ಬಲಗೈ ಜೇಬಿನಲ್ಲಿರಲಿಲ್ಲ. ಲಕೋಟೆಯ ಮೂಲೆ ಡಬ್ಬಿಯ ತಗಡಿನ ಬಾಯಿಗೆ ಬಡಿಯುತ್ತಿದೆ, ಟಪಟಪ ಟಪಟಪ, ಎಡಕ್ಕೆ ಬಲಕ್ಕೆ, ಸಿಗುತ್ತಿಲ್ಲ ಸಂದು, ನಾನು ಕೈ ಚಾಚಿದರೆ ಮುಗಿಯಿತು, ಚಾಚಬಾರದು, ಕೈಗೆ ಕೈ ಕಟ್ಟಿಕೊಂಡು ನಿಂತಿದ್ದೇನೆ, ಟಪಟಪ, ಹೋಯಿತು, ಒಳಗೆ ಬಿದ್ದ ಸದ್ದು, ಬಿತ್ತಲ್ಲ, ಅಂತೂ ಬಿತ್ತಲ್ಲ, ಸಂತೋಷಪಡು ಎಂದರೆ ಕಣ್ಣಲ್ಲಿ ಅದೇ, ಮೇಜಿನ ಮೇಲೆ ಎರಡು ಪುಟ್ಟ ಚಕ್ರ, ನನ್ನ ಕೈಗೆ ಬಂದದ್ದೇ ತಡ, ಹಾಳಾದ್ದು, ನನ್ನ ಕೈಯಲ್ಲೂ ಒಂದಿಷ್ಟು ತಾನಾಗಿ ನಡುಗಬಾರದಿತ್ತೇ, ನಿಂತುಬಿಟ್ಟಿತು, ಅಷ್ಟು ನೆಟ್ಟಗೆ, ಎರಡೂ ಚಕ್ರ, ನೆಟ್ಟಗೆ —